ಲೆನ್ಸಿನ ತೂಕ ತೋಳಿಗೆ ಗೊತ್ತು

ರಂಗನತಿಟ್ಟಿನಲ್ಲಿ ಒಂದು ಫೆಬ್ರವರಿಯ ಬೆಳಿಗ್ಗೆ. ದೋಣಿಗೆ ಕಾಲಿಡಲು ಹೊರಟಾಗ ಹುಟ್ಟು ಹಾಕುವವರು ನನ್ನ ಹೆಗಲಲ್ಲಿದ್ದ ಟ್ರೈಪಾಡ್ ನೋಡಿ, ‘ಸಾರ್, ಆ ಮೂರ್ಕಾಲು ಇಲ್ಲೇ ಬುಟ್ಟು ಬನ್ನಿ. ದೋಣೀಲಿ ಅದ್ಕೆ ನೆಲ ಎಲ್ಲದೆ?’ ಅಂದರು. ಹನ್ನೆರಡು ವರ್ಷಗಳಿಂದ ಕ್ಯಾಮೆರಾ ಹಿಡಿದು ಕೆರೆ, ಕಾಡು ಸುತ್ತುತ್ತಿದ್ದೇನೆ. ಅಷ್ಟರಲ್ಲಿ ಕೇಳಿದ ಪಾಠಗಳಲ್ಲಿ ಅದು ದೊಡ್ಡದು. ಟ್ರೈಪಾಡ್ ನಿಲ್ಲಬೇಕಾದರೆ ಮೊದಲು ನೆಲ ನಿಂತಿರಬೇಕು. ದೋಣಿ ತೊನೆಯುತ್ತದೆ, ಹೊಳೆ ಹರಿಯುತ್ತದೆ, ಬಂಡೆಯ ಮೇಲೆ ಕೂತ ನದಿ ರೀವ ಯಾವ ಗಳಿಗೆಯಲ್ಲಿ ಎದ್ದು ಹಾರುತ್ತದೋ ಹೇಳಲಾಗದು. ಅಲ್ಲಿ ಕ್ಯಾಮೆರಾಕ್ಕೆ ಆಸರೆ ನಮ್ಮ ಎರಡು ಕೈ ಮಾತ್ರ.

ದೋಣಿಯಷ್ಟೇ ಅಲ್ಲ. ಕಬಿನಿಯ ಜೀಪಿನಲ್ಲಿ ಟ್ರೈಪಾಡ್ ಬಿಚ್ಚಲು ಜಾಗವಿಲ್ಲ. ಆಗುಂಬೆಯ ಜಾರುವ ಕಾಲುದಾರಿಯಲ್ಲಿ ಅದನ್ನು ನಿಲ್ಲಿಸುವಷ್ಟರಲ್ಲಿ ಕಪ್ಪೆ ಎಲೆಯಿಂದ ಎಲೆಗೆ ಹಾರಿರುತ್ತದೆ. ಊರ ಕೆರೆಯ ಏರಿಯ ಮೇಲೂ ಅಷ್ಟೇ. ಮಿಂಚುಳ್ಳಿ ಕೂತ ಕೊಂಬೆ ಬಿಟ್ಟು ಇನ್ನೊಂದಕ್ಕೆ ಹೋದರೆ ನಾವೂ ಹತ್ತು ಹೆಜ್ಜೆ ಸರಿಯಬೇಕು. ನಮ್ಮ ನಾಡಿನ ಹಕ್ಕಿ, ಚಿಟ್ಟೆ, ಕಪ್ಪೆಗಳ ಹಿಂದೆ ಬಿದ್ದವರಲ್ಲಿ ಬಹುಪಾಲು ಜನ ಕೈಯಲ್ಲೇ ಹಿಡಿದು ಚಿತ್ರ ತೆಗೆಯುವವರು.

ಹೊಸದಾಗಿ ಈ ಹವ್ಯಾಸಕ್ಕೆ ಇಳಿದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ‘ಯಾವ ಲೆನ್ಸ್ ತಗೊಳ್ಳಲಿ ಸಾರ್?’ ಎಷ್ಟು ಮಿಲಿಮೀಟರ್, ಎಷ್ಟು ಮೆಗಾಪಿಕ್ಸೆಲ್, ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕವೆಲ್ಲ ಅವರಿಗೆ ಬಾಯಿಪಾಠ. ಎಷ್ಟು ಗ್ರಾಂ ಎಂದು ಕೇಳುವವರು ಅಪರೂಪ. ಕೈಯಲ್ಲಿ ಹಿಡಿದು ತೆಗೆಯುವವರು ಕೇಳಬೇಕಾದ ಮೊದಲ ಪ್ರಶ್ನೆ ತೂಕದ್ದು. ಮಿಕ್ಕ ಗುಣಗಳೆಲ್ಲ ಆಮೇಲೆ. ಇದನ್ನು ನಾನು ಕಂಡುಕೊಂಡದ್ದು ತೋಳಿನ ನೋವಿನಿಂದ.

ಮೊದಲು ಕೈ ನಡುಗಿದರೆ ಏನಾಗುತ್ತದೆ ನೋಡೋಣ. 600 ಮಿ.ಮೀ. ಲೆನ್ಸನ್ನು ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಹಾಕಿದರೆ ಅಡ್ಡಗಲಕ್ಕೆ ಕಾಣುವುದು ಸುಮಾರು ಮೂರೂವರೆ ಡಿಗ್ರಿ ಮಾತ್ರ. ಕೈಯನ್ನು ಮುಂದಕ್ಕೆ ಚಾಚಿ ಎರಡು ಬೆರಳು ಜೋಡಿಸಿ ಹಿಡಿಯಿರಿ; ಹೆಚ್ಚುಕಡಿಮೆ ಅಷ್ಟೇ ಅಗಲ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಆ ಎರಡು ಬೆರಳಗಲವನ್ನು 6,000 ಚುಕ್ಕಿಗಳಾಗಿ ಸೀಳುತ್ತದೆ. ಶಟರ್ ತೆರೆದಿರುವಾಗ ಕೈ ಒಂದು ಡಿಗ್ರಿಯ ನೂರನೆಯ ಒಂದು ಪಾಲು ಅಲುಗಿದರೆ ಚಿತ್ರ 17 ಚುಕ್ಕಿಗಳಷ್ಟು ಸರಿಯುತ್ತದೆ. ಹಕ್ಕಿಯ ಕಣ್ಣಿನ ಹೊಳಪು, ಗರಿಯ ಎಳೆ ಎಲ್ಲ ಅಷ್ಟರಲ್ಲೇ ಕಲಸಿಹೋಗುತ್ತವೆ. ನಮ್ಮ ಉಸಿರು, ಎದೆಬಡಿತ ಕೂಡ ಇಷ್ಟು ಅಲುಗಾಟಕ್ಕೆ ಸಾಕು.

ಅದಕ್ಕೇ ಹಳಬರು ಒಂದು ಸೂತ್ರ ಮಾಡಿಕೊಂಡಿದ್ದರು. ಲೆನ್ಸಿನ ಫೋಕಲ್ ಲೆಂತ್ ಎಷ್ಟೋ, ಸೆಕೆಂಡಿನ ಅಷ್ಟನೇ ಒಂದು ಪಾಲು ಶಟರ್ ಸ್ಪೀಡ್ ಇರಲಿ. 500 ಮಿ.ಮೀ. ಲೆನ್ಸಿಗೆ 1/500. ಸೆನ್ಸರ್ ಚಿಕ್ಕದಿರುವ ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದೇ ಲೆನ್ಸಿಗೆ 1/750. ಫಿಲ್ಮಿನಿಂದ ಪೋಸ್ಟ್‌ಕಾರ್ಡ್ ಗಾತ್ರದ ಪ್ರಿಂಟ್ ಹಾಕಿಸುತ್ತಿದ್ದ ಕಾಲದ ಸೂತ್ರ ಇದು. ಇಂದು 45 ಮೆಗಾಪಿಕ್ಸೆಲ್ ಚಿತ್ರವನ್ನು ಪರದೆಯ ತುಂಬ ಹಿಗ್ಗಿಸಿ ನೋಡುವವರು ಅದರ ಇಮ್ಮಡಿ ಇಟ್ಟುಕೊಂಡರೆ ಕ್ಷೇಮ.

ಹಳಬರ ಮಾತು ಬಂದಾಗ ತಲೆಬಾಗಲೇಬೇಕು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆಯವರಂಥವರು ಕನ್ನಡ ನಾಡಿನ ಕಾಡನ್ನು ಜಗತ್ತಿಗೆ ತೋರಿಸಿದ್ದು ಫಿಲ್ಮಿನ ಕಾಲದಲ್ಲಿ. ಆಗಿನ ಹೆಸರುವಾಸಿ ಬಣ್ಣದ ಫಿಲ್ಮುಗಳ ಸಂವೇದನೆ 50, 64ರ ಆಸುಪಾಸು. ಈಗಿನ ಕ್ಯಾಮೆರಾಗಳಲ್ಲಿ ಐಎಸ್‌ಒ 3,200 ಇಟ್ಟರೂ ಚಿತ್ರ ಹಸನಾಗಿರುತ್ತದೆ. 64ಕ್ಕೂ 3,200ಕ್ಕೂ ಐವತ್ತು ಪಟ್ಟು ಅಂತರ. ಅಂದರೆ ಆಗ 1/40 ಸೆಕೆಂಡ್ ಬೇಕಾಗಿದ್ದ ಬೆಳಕಿನಲ್ಲಿ ಈಗ ನಮಗೆ 1/2000 ಸಿಗುತ್ತದೆ. 1/40ರಲ್ಲಿ ಉದ್ದನೆಯ ಲೆನ್ಸನ್ನು ಕೈಯಲ್ಲಿ ಹಿಡಿದು ತೆಗೆಯುವುದು ಆಗದ ಮಾತು; ಟ್ರೈಪಾಡ್ ಇಲ್ಲದೆ ಗತಿಯಿರಲಿಲ್ಲ. ಇಂದು ಕೈಯಲ್ಲಿ ಹಿಡಿದು ಚಿತ್ರ ತೆಗೆಯುವ ಸ್ವಾತಂತ್ರ್ಯ ನಮಗಿದ್ದರೆ ಅದನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೊಟ್ಟದ್ದು ಈ ಐವತ್ತು ಪಟ್ಟು.

ಇನ್ನೊಂದು ಕೊಡುಗೆ ನಡುಕ ತಡೆಯುವ ತಂತ್ರ. 1995ರಲ್ಲಿ ಕ್ಯಾನನ್ ತನ್ನ 75-300 ಮಿ.ಮೀ. ಲೆನ್ಸಿನೊಳಗೆ ಇದನ್ನು ಅಳವಡಿಸಿತು. ಕೈ ಎತ್ತ ತಿರುಗುತ್ತಿದೆ ಎಂಬುದನ್ನು ಗೈರೊ ಸೆನ್ಸರ್ ಅಳೆಯುತ್ತದೆ. ಅದಕ್ಕೆ ಎದುರಾಗಿ ಒಳಗಿನ ಗಾಜೊಂದು ಸರಿದು ಚಿತ್ರವನ್ನು ನಿಲ್ಲಿಸುತ್ತದೆ. 2003ರಲ್ಲಿ ಮಿನೋಲ್ಟಾ ತನ್ನ ಒಂದು ಕ್ಯಾಮೆರಾದಲ್ಲಿ ಗಾಜಿನ ಬದಲು ಸೆನ್ಸರನ್ನೇ ಅಲುಗಿಸಿ ತೋರಿಸಿತು. ಈಗ ಎರಡೂ ಕೂಡಿ ಕೆಲಸ ಮಾಡುತ್ತವೆ. ಎಂಟು ಸ್ಟಾಪ್‌ವರೆಗೆ ನಡುಕ ತಡೆಯುತ್ತೇವೆ ಎಂದು ತಯಾರಕರು ಹೇಳುತ್ತಾರೆ. ಒಂದೊಂದು ಸ್ಟಾಪ್ ಎಂದರೆ ಶಟರ್ ತೆರೆದಿಡಬಹುದಾದ ಸಮಯ ಇಮ್ಮಡಿ. ಎಂಟು ಸ್ಟಾಪ್ ಎಂದರೆ 256 ಪಟ್ಟು.

ಆದರೆ ಇಲ್ಲಿ ಹೊಸಬರು ಎಡವುವುದನ್ನು ಬಹಳ ಸಲ ನೋಡಿದ್ದೇನೆ. ಈ ತಂತ್ರ ನಿಲ್ಲಿಸುವುದು ನಮ್ಮ ಕೈಯ ನಡುಕವನ್ನು, ಹಕ್ಕಿಯ ಚಲನೆಯನ್ನಲ್ಲ. ಬೇಲಿಯ ತಂತಿಯ ಮೇಲೆ ಕೂತ ಕಳ್ಳಿಪೀರ ಸುಮ್ಮನೆ ಕೂತಂತೆ ಕಂಡರೂ ಕತ್ತನ್ನು ಚಕಚಕ ತಿರುಗಿಸುತ್ತಿರುತ್ತದೆ. 1/60ರಲ್ಲಿ ತೆಗೆದರೆ ಕೂತ ತಂತಿ ಚೊಕ್ಕವಾಗಿ ಬಂದು ಹಕ್ಕಿಯ ತಲೆ ಮಾತ್ರ ಮಸುಕಾಗಿರುತ್ತದೆ. ಕೂತ ಹಕ್ಕಿಗೆ ನಾನು 1/500ಕ್ಕಿಂತ ಕೆಳಗಿಳಿಯುವುದು ಕಡಿಮೆ. ಹಾರುವ ಹಕ್ಕಿಗೆ 1/2000, ರೀವ ನೀರಿಗೆ ಎರಗುವಾಗ 1/3200. ನಡುಕ ತಡೆಯ ನಿಜವಾದ ಉಪಕಾರ ನನಗೆ ಕಂಡದ್ದು ಬೇರೆಡೆ. ನೋಡುಗಂಡಿಯಲ್ಲಿ ಹಕ್ಕಿ ಕುಣಿಯದೆ ನಿಲ್ಲುತ್ತದೆ, ಫೋಕಸ್ ಚುಕ್ಕಿಯನ್ನು ಅದರ ಕಣ್ಣಿನ ಮೇಲೆ ಇಟ್ಟುಕೊಳ್ಳಲು ಆಗುತ್ತದೆ.

ಈಗ ನನ್ನ ಕೈಗೆ ಬಂದುಹೋದ ಲೆನ್ಸುಗಳ ಮಾತು. ಕೆಲವು ನನ್ನವು, ಕೆಲವು ಗೆಳೆಯರವು, ಕೆಲವು ಎರಡು ದಿನದ ಬಾಡಿಗೆಯವು.

ಮೊದಲನೆಯದು ಕ್ಯಾನನ್‌ನ 400 ಮಿ.ಮೀ. ಎಫ್ 5.6. 1993ರಲ್ಲಿ ಬಂದ ಲೆನ್ಸು, ತೂಕ ಒಂದೂಕಾಲು ಕಿಲೊ, ನಡುಕ ತಡೆಯುವ ಯಾವ ವ್ಯವಸ್ಥೆಯೂ ಇಲ್ಲ. ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡೆ. ಕ್ಯಾಮೆರಾ ಹಿಡಿಯುವುದನ್ನು ನನಗೆ ಕಲಿಸಿದ್ದು ಅದೇ. ತಪ್ಪು ಹಿಡಿದರೆ ಚಿತ್ರ ಮಸುಕಾಗುತ್ತಿತ್ತು, ಸರಿಯಾಗಿ ಹಿಡಿದರೆ ಗರಿ ಎಣಿಸುವಂತೆ ಬರುತ್ತಿತ್ತು. ನಡುವೆ ರಿಯಾಯಿತಿ ಇರಲಿಲ್ಲ. ಹಾರುವ ಹಕ್ಕಿಗೆ ಅದು ಹೇಳಿಮಾಡಿಸಿದ ಲೆನ್ಸು. ಆದರೆ ಮೂರೂವರೆ ಮೀಟರಿಗಿಂತ ಹತ್ತಿರ ಇರುವುದರ ಮೇಲೆ ಅದು ಫೋಕಸ್ ಆಗದು. ಕಾಲಬುಡದ ಚಿಟ್ಟೆಗೆ ಹಿಂದೆ ಹಿಂದೆ ಸರಿಯಬೇಕು.

ಆಮೇಲೆ ನಿಕಾನ್‌ನ 200-500. 2015ರಲ್ಲಿ ಬಂದಾಗ ಅಷ್ಟು ಬೆಲೆಗೆ ಅಷ್ಟು ಒಳ್ಳೆಯ ಲೆನ್ಸು ಇಲ್ಲ ಎಂದು ಎಲ್ಲರೂ ಕೊಂಡರು. ಅದು ಕೊಡುವ ಚಿತ್ರ ಅಂದವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ತೂಕ 2.3 ಕಿಲೊ. 860 ಗ್ರಾಮಿನ ಡಿ500 ಕ್ಯಾಮೆರಾಕ್ಕೆ ಸೇರಿಸಿದರೆ ಮೂರು ಕಿಲೊ ದಾಟುತ್ತದೆ. ಒಂದು ಸಂಜೆ ನಮ್ಮೂರ ಕೆರೆಯ ತೂಬಿನ ಪಕ್ಕ ಮಿಂಚುಳ್ಳಿ ಕೂತಿತ್ತು. ನೀರನ್ನೇ ನೋಡುತ್ತ ತಲೆ ತಗ್ಗಿಸಿತ್ತು. ಈಗ ಎರಗುತ್ತದೆ ಎಂದು ಕ್ಯಾಮೆರಾ ಎತ್ತಿದೆ. ಒಂದು ನಿಮಿಷ, ಎರಡು ನಿಮಿಷ. ಎಡ ಹೆಗಲು ಉರಿಯತೊಡಗಿತು, ಮುಂಗೈ ನಡುಗತೊಡಗಿತು. ಮೂರನೆಯ ನಿಮಿಷಕ್ಕೆ ತಾಳಲಾರದೆ ಕೈ ಇಳಿಸಿದೆ. ಇಳಿಸಿದ ಕ್ಷಣಕ್ಕೇ ನೀರಿನ ಸದ್ದು. ಹಕ್ಕಿ ಮೀನು ಹಿಡಿದು ಅದೇ ಕಲ್ಲಿನ ಮೇಲೆ ಬಡಿಯುತ್ತಿತ್ತು. ಚಿತ್ರ ತಪ್ಪಿದ್ದಕ್ಕೆ ಲೆನ್ಸು ಹೊಣೆಯಲ್ಲ; ನನ್ನ ತೋಳಿನ ಅಳತೆ ತಿಳಿಯದೆ ಅದನ್ನು ಆರಿಸಿಕೊಂಡವನು ನಾನು.

ಕೆಲವು ವರ್ಷಗಳ ನಂತರ ಗೆಳೆಯರೊಬ್ಬರು ನಿಕಾನ್‌ನದೇ 500 ಮಿ.ಮೀ. ಪಿಎಫ್ ಕೈಗಿತ್ತರು. 2018ರ ಲೆನ್ಸು. ಅದೇ 500, ಅದೇ ಎಫ್ 5.6, ತೂಕ ಮಾತ್ರ 1,460 ಗ್ರಾಂ. ಎಲ್ಲಿ ಕಳೆಯಿತು ಆ ಎಂಟು ನೂರು ಗ್ರಾಂ? ಜೂಮ್ ಇಲ್ಲದ್ದು ಒಂದು ಕಾರಣ. ಇನ್ನೊಂದು ಫೇಸ್ ಫ್ರೆನೆಲ್ ಎಂಬ ಗಾಜು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ದೀಪಸ್ತಂಭಗಳಿಗಾಗಿ ದಪ್ಪ ಗಾಜಿನ ಬದಲು ಬಳೆಬಳೆಯಾಗಿ ಕೊರೆದ ತೆಳು ಗಾಜನ್ನು ರೂಪಿಸಿದ. ಅವನ ಹೆಸರು ಹೊತ್ತ ಈ ಗಾಜಿನಲ್ಲೂ ಉಂಗುರದಂಥ ಸೂಕ್ಷ್ಮ ಗೆರೆಗಳಿವೆ. ಅವು ಬೆಳಕನ್ನು ಬಾಗಿಸಿ, ಬಣ್ಣ ಸೀಳದಂತೆ ನೋಡಿಕೊಂಡು ಲೆನ್ಸನ್ನು ಮೋಟು, ಹಗುರ ಮಾಡುತ್ತವೆ. ಚೌಕಟ್ಟಿನೊಳಗೆ ಪ್ರಖರ ದೀಪವೋ ಸೂರ್ಯನೋ ನೇರವಾಗಿ ಬಂದರೆ ಸುತ್ತ ಉಂಗುರದಂಥ ಪ್ರಭೆ ಮೂಡಬಹುದು. ಹಗುರತನಕ್ಕೆ ತೆರುವ ಬೆಲೆ ಅದು. ಹಕ್ಕಿಯ ಚಿತ್ರದಲ್ಲಿ ನನಗೆ ಅದು ತೊಡಕಾಗಲಿಲ್ಲ. ಆ ದಿನ ಬೆಳಿಗ್ಗೆ ಆರೂವರೆಯಿಂದ ಹತ್ತರವರೆಗೆ ಅದನ್ನು ಹಿಡಿದು ತಿರುಗಿದೆ. ಹೆಗಲು ನೋಯಲಿಲ್ಲ. ಕೆರೆಯ ಮೇಲೆ ಕಾಜಾಣ ಗಿಡುಗನನ್ನು ಅಟ್ಟಿಸಿಕೊಂಡು ಬಂದಾಗ ಕ್ಯಾಮೆರಾ ಕಣ್ಣಿನ ಬಳಿಯೇ ಇತ್ತು.

ತೂಕದಷ್ಟೇ ಮುಖ್ಯ ಅದು ಎಲ್ಲಿ ಕೂತಿದೆ ಎಂಬುದು. ಸೋನಿಯ 200-600 ತೂಗುವುದು 2,115 ಗ್ರಾಂ, ಹಗುರವೇನಲ್ಲ. ಆದರೆ ಜೂಮ್ ಮಾಡಿದಾಗ ಅದರ ಮೂತಿ ಮುಂದೆ ಚಾಚುವುದಿಲ್ಲ, ಗಾಜು ಒಳಗೇ ಸರಿಯುತ್ತದೆ. ಎಡಗೈ ಇಟ್ಟಲ್ಲೇ ತೂಕ ನಿಲ್ಲುತ್ತದೆ. ಮೂತಿ ಚಾಚುವ ಲೆನ್ಸು ಅಷ್ಟೇ ತೂಕದ್ದಾದರೂ ಮಣಿಕಟ್ಟಿಗೆ ಹೆಚ್ಚು ಭಾರ. ತಕ್ಕಡಿಯಲ್ಲಿ ಇದು ಕಾಣುವುದಿಲ್ಲ, ಹಿಡಿದಾಗಲೇ ತಿಳಿಯುವುದು.

ಹಗುರ ಎಂದೊಡನೆ ಇನ್ನೊಂದು ತುದಿಗೆ ಹೋಗಬಾರದು. ಕ್ಯಾನನ್‌ನ ಆರ್‌ಎಫ್ 100-400 ತೂಗುವುದು ಬರೀ 635 ಗ್ರಾಂ. ನೀರಿನ ಬಾಟಲಿಯಂತೆ ಚೀಲದಲ್ಲಿ ಕೂರುತ್ತದೆ. ಆದರೆ 400ರಲ್ಲಿ ಅದರ ಅಪರ್ಚರ್ ಎಫ್ 8. ಎಫ್ 5.6 ಒಳಬಿಡುವ ಬೆಳಕಿನ ಅರ್ಧ. ಬಯಲಿನಲ್ಲಿ, ದರೋಜಿಯ ಬಂಡೆಗಳ ಬಿಸಿಲಿನಲ್ಲಿ, ಕೆರೆಯಂಗಳದಲ್ಲಿ ಈ ಕೊರತೆ ಗೊತ್ತೇ ಆಗುವುದಿಲ್ಲ. ಮಲೆನಾಡಿನ ಕಾಡಿನೊಳಗೆ ಹೋದರೆ ಗೊತ್ತಾಗುತ್ತದೆ. ಮಧ್ಯಾಹ್ನವೂ ಮಬ್ಬಾಗಿರುವ ಅಲ್ಲಿ ನವರಂಗ ಹಕ್ಕಿ ತರಗೆಲೆಯ ಮೇಲೆ ಕುಪ್ಪಳಿಸುವಾಗ ಐಎಸ್‌ಒ 6,400 ದಾಟಿದರೂ ಶಟರ್ ಸ್ಪೀಡ್ ಏರುವುದಿಲ್ಲ. ಬೆಳಕು ಹೆಚ್ಚು ಬೇಕೆಂದರೆ ಗಾಜು ದೊಡ್ಡದಾಗಬೇಕು, ಗಾಜು ದೊಡ್ಡದಾದರೆ ತೂಕ ಏರುತ್ತದೆ. ಕ್ಯಾನನ್‌ನ 600 ಎಫ್ 4 ಲೆನ್ಸಿನ ತೂಕವನ್ನು 2018ರಲ್ಲಿ ಹತ್ತಿರ ಹತ್ತಿರ ನಾಲ್ಕು ಕಿಲೊದಿಂದ ಮೂರು ಕಿಲೊಗೆ ಇಳಿಸಿದರು. ಆದರೂ ಕ್ಯಾಮೆರಾ ಸೇರಿದರೆ ಅದು ಗಂಟೆಗಟ್ಟಲೆ ಕೈಯಲ್ಲಿ ಹಿಡಿಯುವ ವಸ್ತುವಲ್ಲ. ನೀವು ಹೆಚ್ಚು ತಿರುಗುವುದು ಬಯಲಿನಲ್ಲೋ ಕಾಡಿನಲ್ಲೋ ಎಂಬುದರ ಮೇಲೆ ಎಫ್ 8 ಸಾಕೋ ಸಾಲದೋ ನಿರ್ಧರಿಸಿ.

ಮಿರರ್‌ಲೆಸ್ ಕ್ಯಾಮೆರಾಗಳು ಬಂದ ಮೇಲೆ ಇನ್ನೊಂದು ಬದಲಾವಣೆಯಾಯಿತು. 2020ರಲ್ಲಿ ಬಂದ ಕ್ಯಾನನ್ ಆರ್5ರಂಥವು ಹಕ್ಕಿಯ ಕಣ್ಣನ್ನು ತಾವೇ ಗುರುತಿಸಿ ಹಿಡಿದುಕೊಳ್ಳುತ್ತವೆ. ಫೋಕಸ್ ಚುಕ್ಕಿ ಸರಿಸುತ್ತ ಕ್ಯಾಮೆರಾ ಎತ್ತಿಹಿಡಿದಿರಬೇಕಾದ ಸಮಯ ಕಡಿಮೆಯಾಯಿತು; ತೋಳಿಗೆ ಅದೂ ಒಂದು ಬಿಡುವು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಕ್ಕಿಯನ್ನು ಬೆಚ್ಚಿಸುವುದಿಲ್ಲ. ಆದರೆ ಸೆನ್ಸರ್ ನಿಧಾನವಾಗಿ ಓದುವಂಥದ್ದಾದರೆ ಬಡಿಯುತ್ತಿರುವ ರೆಕ್ಕೆ ಸೊಟ್ಟಗೆ ಬಾಗಿದಂತೆ ಮೂಡುತ್ತದೆ. ಹಾರುವಾಗ ಮೆಕ್ಯಾನಿಕಲ್ ಶಟರ್, ಕೂತಾಗ ಸದ್ದಿಲ್ಲದ್ದು: ಇದು ನಾನು ಪಾಲಿಸುವ ಕ್ರಮ.

ಎಂಥ ಲೆನ್ಸಾದರೂ ಹಿಡಿಯುವ ರೀತಿ ಗೊತ್ತಿರಬೇಕು. ಎಡ ಅಂಗೈ ಲೆನ್ಸಿನ ಅಡಿಗೆ, ಆದಷ್ಟು ಮುಂದಕ್ಕೆ, ಮಗುವಿನ ತಲೆಗೆ ಕೈ ಕೊಟ್ಟಂತೆ. ಮೊಣಕೈಗಳು ಪಕ್ಕೆಗೆ ಒತ್ತಿರಲಿ. ಹುಬ್ಬು ನೋಡುಗಂಡಿಗೆ ತಾಗಿರಲಿ; ಎರಡು ಕೈಗಳ ಜೊತೆ ಹಣೆಯೂ ಸೇರಿ ಮೂರು ಆಸರೆ ಆಗುತ್ತದೆ. ಒಂದು ಹೆಜ್ಜೆ ಮುಂದಿಟ್ಟು ನಿಲ್ಲಿ. ಉಸಿರು ಅರ್ಧ ಬಿಟ್ಟು ಗುಂಡಿಯನ್ನು ಮೆತ್ತಗೆ ಒತ್ತಿ. ಒಂದೇ ಚಿತ್ರ ತೆಗೆಯದೆ ನಾಲ್ಕೈದು ಒಟ್ಟಿಗೆ ತೆಗೆಯಿರಿ. ಬೆರಳು ಒತ್ತುವ, ಬಿಡುವ ಅಲುಗಾಟ ಮೊದಲ ಮತ್ತು ಕೊನೆಯ ಚಿತ್ರಕ್ಕೆ ಹೋಗಿ ನಡುವಿನದು ಹೆಚ್ಚಾಗಿ ಚೊಕ್ಕವಾಗಿರುತ್ತದೆ. ನೆಲ ಸಿಕ್ಕಲ್ಲಿ ಕೂತು ಮೊಣಕೈಯನ್ನು ಮೊಣಕಾಲಿಗೆ ಊರಿ. ದೋಣಿಯ ಅಂಚಿಗೆ, ಎಂಜಿನ್ ಓಡುತ್ತಿರುವ ಜೀಪಿನ ಕಂಬಿಗೆ ಲೆನ್ಸು ಒರಗಿಸಬೇಡಿ, ಅದರ ಅದುರು ನೇರ ಗಾಜಿಗೆ ಬರುತ್ತದೆ. ಎಂಜಿನ್ ನಿಲ್ಲಿಸಲು ಚಾಲಕರನ್ನು ಕೇಳಿಕೊಳ್ಳಿ. ಹಕ್ಕಿ ಹಾರುವ ಸೂಚನೆ ಇಲ್ಲದಾಗ ಕೈ ಇಳಿಸಿ ಬರಿಗಣ್ಣಿನಲ್ಲಿ ನೋಡಿ. ರೀವ ಏಳುವ ಮುನ್ನ ಮೈ ತಗ್ಗಿಸುತ್ತದೆ, ಕೊಕ್ಕರೆ ಕತ್ತು ಮುಂದೆ ಚಾಚುತ್ತದೆ. ಇದನ್ನು ಬಲ್ಲವರು ಕ್ಯಾಮೆರಾ ಎತ್ತುವುದು ಕೊನೆಯ ಹತ್ತು ಸೆಕೆಂಡಿಗೆ.

ಇಷ್ಟೂ ದೂರದ ಹಕ್ಕಿಯ ಮಾತು. ಹತ್ತಿರದ ಜೀವಿಗಳ ಮ್ಯಾಕ್ರೊ ಚಿತ್ರಕ್ಕೆ ಲೆಕ್ಕವೇ ಬೇರೆ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯಲ್ಲಿ ಜುಲೈ ರಾತ್ರಿ ಪೊದೆಗಪ್ಪೆಗಳು ಕೂಗುತ್ತವೆ. ಹೆಬ್ಬೆರಳ ಉಗುರಿನಷ್ಟು ಕಪ್ಪೆಯನ್ನು ಅದರ ನಿಜ ಅಳತೆಯಲ್ಲೇ ಸೆನ್ಸರಿನ ಮೇಲೆ ಮೂಡಿಸಬೇಕಾದರೆ ಎಫ್ 11 ಇಟ್ಟರೂ ಫೋಕಸಿನಲ್ಲಿ ಉಳಿಯುವ ಆಳ ಸುಮಾರು ಒಂದೂಕಾಲು ಮಿಲಿಮೀಟರ್. ಕಣ್ಣು ಸಿಕ್ಕರೆ ಕಾಲು ಸಿಗದು. ಕೈಯ ಹಿಂದುಮುಂದಿನ ತೂಗಾಟವೇ ಅದಕ್ಕಿಂತ ಹೆಚ್ಚು. ತಿರುಗುವ ನಡುಕವನ್ನಷ್ಟೇ ತಡೆಯುವ ತಂತ್ರ ಇಲ್ಲಿ ಸೋಲುತ್ತದೆ. 2009ರಲ್ಲಿ ಬಂದ ಕ್ಯಾನನ್‌ನ 100 ಮಿ.ಮೀ. ಮ್ಯಾಕ್ರೊ ಮೇಲೆಕೆಳಗೆ, ಅಕ್ಕಪಕ್ಕ ಸರಿಯುವ ನಡುಕವನ್ನೂ ತಡೆಯುತ್ತದೆ; ಹಿಂದುಮುಂದಿನ ತೂಗಾಟವನ್ನು ನಾವೇ ನಿಭಾಯಿಸಬೇಕು.

ನನಗೆ ನೆರವಾದದ್ದು ಒಂದು ಬಿದಿರ ಕೋಲು. ಎದೆಯುದ್ದದ ಕೋಲನ್ನು ನೆಲಕ್ಕೂರಿ ಎಡಗೈಯಲ್ಲಿ ಲೆನ್ಸನ್ನೂ ಕೋಲನ್ನೂ ಒಟ್ಟಿಗೆ ಹಿಡಿಯುತ್ತೇನೆ. ಮೇಲೆ ಬೇಕೆಂದರೆ ಮೇಲೆ, ಕೆಳಗೆ ಬೇಕೆಂದರೆ ಕೆಳಗೆ ಕೈ ಜಾರಿಸಬಹುದು. ಫೋಕಸ್ ಒಂದು ದೂರಕ್ಕೆ ಕಟ್ಟಿ, ಮೈಯನ್ನು ಮೆಲ್ಲಗೆ ಮುಂದೆ ಬಾಗಿಸುತ್ತ ಕಪ್ಪೆಯ ಕಣ್ಣು ಚುರುಕಾದ ಗಳಿಗೆಯಲ್ಲಿ ಒತ್ತುತ್ತೇನೆ. ಫ್ಲ್ಯಾಶನ್ನು ಕಡಿಮೆ ಶಕ್ತಿಯಲ್ಲಿ ಇಟ್ಟರೆ ಅದರ ಬೆಳಕು ಮಿಂಚಿ ಮರೆಯಾಗುವುದು ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿ. ಕತ್ತಲಲ್ಲಿ ನಡುಕವನ್ನು ನಿಲ್ಲಿಸುವುದು ಆ ಮಿಂಚೇ. ಬೆಳಕು ಕಣ್ಣು ಕುಕ್ಕದಂತೆ ಫ್ಲ್ಯಾಶಿನ ಮುಂದೆ ತೆಳು ಬಿಳಿ ಥರ್ಮೋಕೋಲ್ ಹಾಳೆ ಕಟ್ಟುತ್ತೇನೆ. ಒಂದೇ ಜೀವಿಯ ಮೇಲೆ ಐದಾರು ಸಲಕ್ಕಿಂತ ಹೆಚ್ಚು ಫ್ಲ್ಯಾಶ್ ಹೊಡೆಯುವುದಿಲ್ಲ. ಮ್ಯಾಕ್ರೊದಲ್ಲಿ ಲೆನ್ಸಿನ ಮೂತಿ ಜೀವಿಯಿಂದ ಒಂದು ಗೇಣಿಗಿಂತಲೂ ಹತ್ತಿರ ಇರುತ್ತದೆ. ಹಾಗಾಗಿ ಗುಳಿಮಂಡಲ ಹಾವಿಗೆ ಈ ಲೆನ್ಸು ಬೇಡ. ದೂರದಿಂದ ತೆಗೆಯುವ ಟೆಲಿ ಲೆನ್ಸೇ ನಮಗೂ ಹಾವಿಗೂ ಕ್ಷೇಮ.

ಮಲೆನಾಡಿನ ಮಳೆ ಲೆನ್ಸಿಗೆ ಮಾಡುವ ಕೇಡು ಇಂಬಳ ನಮಗೆ ಮಾಡುವ ಕೇಡಿಗಿಂತ ದೊಡ್ಡದು. ಒಂದು ಮಳೆಗಾಲ ನನ್ನ ಹಳೆಯ ಲೆನ್ಸೊಂದನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೆ. ದಸರೆಗೆ ತೆಗೆದು ಬೆಳಕಿಗೆ ಹಿಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಬಿಳಿ ಎಳೆಗಳು. ಶಿಲೀಂಧ್ರ. ಬಿಚ್ಚಿ ತೊಳೆಸಿದರೂ ಗಾಜಿನ ಲೇಪ ಮೊದಲಿನಂತಾಗಲಿಲ್ಲ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ತೇವಾಂಶ ತೋರಿಸುವ ಪುಟ್ಟ ಮಾಪಕ ಇಟ್ಟಿದ್ದೇನೆ. ಮುಳ್ಳು ಶೇಕಡ 40ರಿಂದ 50ರ ನಡುವೆ ಇದ್ದರೆ ಸಾಕು. ಜೆಲ್ ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ.

ಕೊನೆಯದಾಗಿ ದೂರದ ಮಾತು. ಕೈಯಲ್ಲಿ ಹಗುರ ಕ್ಯಾಮೆರಾ ಇದ್ದರೆ ಇನ್ನೆರಡು ಹೆಜ್ಜೆ ಮುಂದಿಡೋಣ ಅನಿಸುತ್ತದೆ. ಗೂಡಿನ ಬಳಿ ಆ ಎರಡು ಹೆಜ್ಜೆ ಮೊಟ್ಟೆಗೋ ಮರಿಗೋ ಕುತ್ತಾಗಬಹುದು. ತಾಯಿ ಹಕ್ಕಿ ಎದ್ದುಹೋದ ಹತ್ತು ನಿಮಿಷದಲ್ಲಿ ಬಂಡೆಯ ಮೇಲಿನ ಮೊಟ್ಟೆ ಬಿಸಿಲಿಗೆ ಕಾಯುತ್ತದೆ, ಕಾಗೆಯ ಕಣ್ಣಿಗೆ ಬೀಳುತ್ತದೆ. ಉದ್ದನೆಯ ಲೆನ್ಸನ್ನು ನಾವು ಕೊಳ್ಳುವುದೇ ದೂರ ಇರುವುದಕ್ಕೆ. ಹಕ್ಕಿ ನಮ್ಮತ್ತ ತಿರುಗಿ ಕೂಗತೊಡಗಿದರೆ ಚಿತ್ರ ಸಿಗದಿದ್ದರೂ ಸರಿ, ಹಿಂದೆ ಸರಿಯಲೇಬೇಕು.

ಲೆನ್ಸ್ ಕೊಳ್ಳಲು ಹೊರಟಿರುವ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಲೆನ್ಸುಗಳು ಬಾಡಿಗೆಗೆ ಸಿಗುತ್ತವೆ. ಮನಸ್ಸಿಗೆ ಬಂದದ್ದನ್ನು ಎರಡು ದಿನಕ್ಕೆ ತನ್ನಿ. ನಿಮ್ಮೂರ ಕೆರೆಯ ಬಳಿ ಹೋಗಿ ಒಂದು ಮಿಂಚುಳ್ಳಿ ಹುಡುಕಿ. ಕ್ಯಾಮೆರಾ ಎತ್ತಿ, ಕೈಗಡಿಯಾರ ನೋಡಿಕೊಂಡು ಐದು ನಿಮಿಷ ಹಿಡಿಯಿರಿ. ಐದನೆಯ ನಿಮಿಷದಲ್ಲೂ ಹಕ್ಕಿಯ ಕಣ್ಣು ನೋಡುಗಂಡಿಯಲ್ಲಿ ನೆಟ್ಟಗೆ ನಿಂತಿದ್ದರೆ ಆ ಲೆನ್ಸು ನಿಮ್ಮದು. ನಿಲ್ಲದಿದ್ದರೆ, ಅದು ಎಷ್ಟೇ ಹೆಸರುವಾಸಿಯಾಗಿರಲಿ, ಹಿಂದಿರುಗಿಸಿ ಅದಕ್ಕಿಂತ ಹಗುರವಾದುದನ್ನು ಕೇಳಿ.